ಮಗಳಿಗೆ ಮಿದುಳಿನ ಸಂಶೋಧನೆಯ ಆಸೆ, ಲ್ಯಾಬ್ ಕೆಲಸಕ್ಕೆ ಸಂಬಳ ಸಿಗುತ್ತಾ?

ಪ್ರಶ್ನೆ: ನಾವು ಹಾಸನದ ಕಡೆಯವರು. ನ್ಯೂಜೆರ್ಸಿಗೆ ಬಂದು 22 ವರ್ಷವಾಯಿತು. ನಾನು, ಯಜಮಾನರು ಇಬ್ಬರೂ ಪಿಯುಸಿವರೆಗೆ ಓದಿದವರು, ದಿನಸಿ ಅಂಗಡಿಯಲ್ಲಿ ಕೆಲಸ. ಇಲ್ಲೇ ಹುಟ್ಟಿದ ಮಗಳು ಕಡಿಮೆ ಆದಾಯದ ಮನೆಯವರಿಗೆ ಸರ್ಕಾರ ಕೊಡುವ ಪೆಲ್ ಗ್ರ್ಯಾಂಟ್ ಸಹಾಯದಿಂದ ಕಾಲೇಜಿನ ಎರಡನೇ ವರ್ಷ ಓದುತ್ತಿದ್ದಾಳೆ. ನ್ಯೂರೋಸೈನ್ಸ್, ಅಂದರೆ ಮಿದುಳಿನ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡ್ತೀನಿ ಅಂತಾಳೆ. ಅದಕ್ಕೆ ಲ್ಯಾಬ್ ಅನುಭವ ಬೇಕಂತೆ. ಆದರೆ ಸಂಜೆ ಅವಳೂ ಅಂಗಡಿಯಲ್ಲಿ ನಿಲ್ಲಬೇಕು. ಹಿಂದುಳಿದ ಹಿನ್ನೆಲೆಯವರಿಗೆಂದು ಇರುವ ಡೈವರ್ಸಿಟಿ ಫೆಲೋಶಿಪ್‌ಗಳು ಭಾರತೀಯರಿಗೆ ಇಲ್ಲ ಎಂದು ಪರಿಚಯದವರು ಹೇಳಿದರು. ನಿಜವಾ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ಅಮೆರಿಕದಲ್ಲಿ ನ್ಯೂರೋಸೈನ್ಸ್ ಪಿಎಚ್‌ಡಿಗೆ ಸಾಮಾನ್ಯವಾಗಿ ಮನೆಯವರು ದುಡ್ಡು ಕಟ್ಟಬೇಕಿಲ್ಲ. ಫೀಸು ಮನ್ನಾ ಆಗುತ್ತದೆ, ಖರ್ಚಿಗೆ ಸ್ಟೈಪೆಂಡ್ ಬರುತ್ತದೆ. ಕಷ್ಟ ಇರುವುದು ಅದಕ್ಕೂ ಮುಂಚೆ, ಈಗ ನಿಮ್ಮ ಮಗಳು ನಿಂತಿರುವ ಜಾಗದಲ್ಲೇ. ಲ್ಯಾಬ್‌ನಲ್ಲಿ ದುಡಿಯದಿದ್ದರೆ ಗಟ್ಟಿಯಾದ ಶಿಫಾರಸು ಪತ್ರ ಸಿಗುವುದಿಲ್ಲ. ಪತ್ರ ಇಲ್ಲದೆ ಸೀಟು ಕಷ್ಟ. ಬಿಟ್ಟಿ ದುಡಿಯುವುದು ಮನೆಯಲ್ಲಿ ಅನುಕೂಲ ಇದ್ದವರಿಗೆ ಮಾತ್ರ ಸಾಧ್ಯ, ಅಲ್ವಾ?

ಈ ಅಡ್ಡಿ ತೆಗೆಯಲೆಂದೇ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್ ಎಂಡ್ಯೂರ್ ಎಂಬ ಯೋಜನೆ ತಂದಿತು. ಕಾಲೇಜು ಮಕ್ಕಳಿಗೆ ದುಡ್ಡು ಕೊಟ್ಟು ಲ್ಯಾಬ್ ಕೆಲಸ ಕಲಿಸುವುದು ಅದರ ಉದ್ದೇಶ. ಆಮೇಲಿನ ಮೆಟ್ಟಿಲಿಗೆ ಡಿ-ಸ್ಪ್ಯಾನ್ ಬಂತು. ಪಿಎಚ್‌ಡಿಯ ಕೊನೆಗೆ 2 ವರ್ಷ, ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆಗೆ, 4 ವರ್ಷದವರೆಗೆ ಅದರ ನೆರವು.

ನಿಮ್ಮ ಪರಿಚಯದವರು ಹೇಳಿದ್ದು ಅರ್ಧ ನಿಜ. ವಿಜ್ಞಾನದಲ್ಲಿ ಕಡಿಮೆ ಸಂಖ್ಯೆಯಲ್ಲಿರುವವರೆಂದು ಎನ್‌ಐಎಚ್ 2019ರಲ್ಲಿ ಹೇಳಿದ ಜನಾಂಗಗಳ ಪಟ್ಟಿಯಲ್ಲಿ ಭಾರತೀಯರು ಇರಲಿಲ್ಲ. ಆದರೆ ಅಂಗವೈಕಲ್ಯ ಇರುವವರು, ಬಡತನದ ಹಿನ್ನೆಲೆಯವರು ಯಾವ ಜನಾಂಗದವರಾದರೂ ಸೇರುತ್ತಿದ್ದರು. ಹಿನ್ನೆಲೆ ತೋರಿಸಲು ಕೆಲವು ಗುರುತುಗಳಿದ್ದವು, ಎರಡು ಹೊಂದಿದರೆ ಸಾಕಿತ್ತು. ತಂದೆತಾಯಿ ಡಿಗ್ರಿ ಮಾಡದಿರುವುದು ಒಂದು, ಪೆಲ್ ಗ್ರ್ಯಾಂಟ್ ಇನ್ನೊಂದು. ನಿಮ್ಮ ಮಗಳಿಗೆ ಎರಡೂ ಹೊಂದುತ್ತವೆ.

ಬೇಸರದ ವಿಷಯವೆಂದರೆ, 2025ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ಟ್ರಂಪ್ ಸರ್ಕಾರದ ಆದೇಶಗಳ ನಂತರ ಡಿ-ಸ್ಪ್ಯಾನ್, ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಎನ್‌ಐಎಚ್ ಕೊಡುತ್ತಿದ್ದ ಡೈವರ್ಸಿಟಿ ಎಫ್-31 ಫೆಲೋಶಿಪ್ ಎರಡಕ್ಕೂ ಹೊಸ ಅರ್ಜಿ ನಿಂತುಹೋಯಿತು. ಇದು ದೊಡ್ಡ ನಷ್ಟ ಅಂತಲೇ ನಾನು ಹೇಳುತ್ತೇನೆ. ಒಂದೇ ಉದಾಹರಣೆ ಕೊಡುತ್ತೇನೆ. ಮಿದುಳಿನ ವಿದ್ಯುತ್ ಸಂಕೇತ ಅಳೆಯುವ ಇಇಜಿ ತೆಗೆಯುವಾಗ ಎಲೆಕ್ಟ್ರೋಡ್ ತಲೆಯ ಚರ್ಮಕ್ಕೆ ತಾಗಬೇಕು. ಒತ್ತಾದ ಗುಂಗುರು ಕೂದಲಿನ ಕಪ್ಪು ಜನರಿಗೆ ಅದು ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಎಷ್ಟೋ ಅಧ್ಯಯನಗಳಿಂದ ಅವರೇ ಹೊರಗುಳಿಯುತ್ತಿದ್ದರು. ದಾರಿ ಹುಡುಕಿದ್ದು ಅರ್ನೆಲ್ ಎಟಿಯೆನ್, ಕಾರ್ನೆಗಿ ಮೆಲನ್‌ನಲ್ಲಿ ಓದುತ್ತಿದ್ದ ಕಪ್ಪು ಹುಡುಗಿ. ಕೂದಲನ್ನು ಸಾಲುಸಾಲಾಗಿ ಬಿಗಿಯಾಗಿ ಹೆಣೆದು, ಜಡೆಗಳ ನಡುವಿನ ಬೈತಲೆಯಲ್ಲಿ ಎಲೆಕ್ಟ್ರೋಡ್ ಹಿಡಿದಿಡುವ ಕ್ಲಿಪ್ ಮಾಡಿದಳು. ಆ ಕೂದಲನ್ನು ದಿನವೂ ಬಾಚಿದವಳಿಗೆ ಅದು ಹೊಳೆಯಿತು. ಲ್ಯಾಬ್‌ಗೆ ಎಲ್ಲ ಮನೆಯ ಮಕ್ಕಳೂ ಬರಬೇಕು ಅನ್ನುವುದು ಇದಕ್ಕೇ.

ಈಗ ನಿಮ್ಮ ಮಗಳು ಏನು ಮಾಡಬಹುದು? ಖಾಸಗಿ ಸಂಸ್ಥೆಯಾದ ಸೈಮನ್ಸ್ ಫೌಂಡೇಶನ್‌ನದು ಸರ್ಫಿನ್ ಎಂಬ ಫೆಲೋಶಿಪ್ ಇದೆ. ಕಾಲೇಜು ವಿದ್ಯಾರ್ಥಿಗಳಿಗೆ ನ್ಯೂರೋಸೈನ್ಸ್ ಲ್ಯಾಬ್‌ನಲ್ಲಿ ಸಂಬಳದ ಕೆಲಸ ಕೊಡುತ್ತದೆ. 2023ರಲ್ಲಿ ತೀರಿಕೊಂಡ ಸ್ಟ್ಯಾನ್‌ಫರ್ಡ್‌ ವಿಶ್ವವಿದ್ಯಾಲಯದ ನರವಿಜ್ಞಾನಿ ಕೃಷ್ಣ ಶೆಣೈ ಅವರ ಹೆಸರು ಅದಕ್ಕಿದೆ. ಕೈಕಾಲು ಸ್ವಾಧೀನ ಕಳೆದುಕೊಂಡವರು ಬರೆಯುವುದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡರೆ ಸಾಕು, ಅಕ್ಷರ ಪರದೆಯ ಮೇಲೆ ಮೂಡುವಂತೆ ಮಾಡಿದ ತಂಡದಲ್ಲಿದ್ದವರು ಅವರು. ಅಮೆರಿಕ ಸರ್ಕಾರದ ವಿಜ್ಞಾನ ಸಂಸ್ಥೆಯಾದ ಎನ್‌ಎಸ್‌ಎಫ್‌, ಕಾಲೇಜು ವಿದ್ಯಾರ್ಥಿಗಳಿಗೆಂದು ನಡೆಸುವ ಆರ್‌ಇಯು ಎಂಬ ಬೇಸಿಗೆ ಸಂಶೋಧನಾ ತರಬೇತಿಯನ್ನೂ ನೋಡಲಿ. ಅದಕ್ಕೆ ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು, ಇಲ್ಲೇ ಹುಟ್ಟಿದವಳಿಗೆ ಆ ಚಿಂತೆ ಇಲ್ಲ. ಮುಂದೆ ಪಿಎಚ್‌ಡಿ ಸೇರಿದ ಮೇಲೆ ಎಲ್ಲ ಹಿನ್ನೆಲೆಯವರಿಗೂ ಇರುವ ಸಾಮಾನ್ಯ ಎಫ್-31 ಇದ್ದೇ ಇದೆ.

ಜೊತೆಗೆ ಅವಳದೇ ಕಾಲೇಜಿನ ಪ್ರೊಫೆಸರ್‌ಗಳಿಗೆ ಇಮೇಲ್ ಬರೆಯಲಿ. ವಾರಕ್ಕೆ ಎಷ್ಟು ಗಂಟೆ ಬರಬಲ್ಲೆ, ಸಂಬಳ ಇರುವ ಕೆಲಸ ಇದೆಯಾ ಎಂದು ನೇರವಾಗಿ ಕೇಳಲಿ. ಸಂಜೆ ಅಂಗಡಿಯಲ್ಲಿ ನಿಲ್ಲುವುದನ್ನು ಮುಚ್ಚಿಡಬೇಕಿಲ್ಲ, ಓದಿನ ಜೊತೆ ದುಡಿಯುವವಳು ಅನ್ನುವುದು ಅವಳ ಪರವಾಗಿಯೇ ಮಾತಾಡುತ್ತದೆ. ಬೇಸಿಗೆ ತರಬೇತಿಗಳಲ್ಲಿ ಬಹಳಷ್ಟರ ಕೊನೆಯ ದಿನ ಜನವರಿ, ಫೆಬ್ರವರಿಯಲ್ಲೇ ಬರುತ್ತದೆ. ದೀಪಾವಳಿ ಹೊತ್ತಿಗೆ ಪಟ್ಟಿ ಮಾಡಿ, ಶಿಫಾರಸು ಪತ್ರ ಯಾರನ್ನು ಕೇಳುವುದು ಎಂದು ತಾಯಿ, ಮಗಳು ಕೂತು ಮಾತಾಡಿಕೊಳ್ಳಿ.