ಕೆಡೆಟ್ ಮೇಲೋ, ಹವಾಲ್ದಾರ್ ಮೇಲೋ?

‘ಮುಂದೆ ಆಫೀಸರ್’ ಮತ್ತು ‘ಈಗಲೇ ಆಫೀಸರ್’ ಎರಡನ್ನೂ ಬೆರೆಸಿದ್ದೇ ನಿಮ್ಮ ಗೊಂದಲಕ್ಕೆ ಕಾರಣ ಅನಿಸುತ್ತದೆ. ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ಡ್ರಿಲ್ ಕಲಿಸುವ ಹವಾಲ್ದಾರ್ (ಆಫೀಸರ್ ಅಲ್ಲದ, ಕೆಳಗಿನ ದರ್ಜೆಯವರು) ಮಾತನ್ನು ಕೆಡೆಟ್ (ಆಫೀಸರ್ ಆಗಲು ತರಬೇತಿ ಪಡೆಯುವವರು) ಕೇಳಲೇಬೇಕಾ ಅಂದಿರಿ. ಕೇಳಲೇಬೇಕು. ಕಮಿಷನ್, ಅಂದರೆ ಆಫೀಸರ್ ಆಗಿ ನೇಮಕ, ಸಿಗುವ ತನಕ ಸೈನಿಕರ ಮೇಲೆ ಕೆಡೆಟ್‌ಗೆ ಅಧಿಕಾರವಿಲ್ಲ. ಸೀನಿಯರ್ ಅಂಡರ್ ಆಫೀಸರ್ ಅಂತ ಪಟ್ಟ ಸಿಕ್ಕರೂ ಅದು ನಡೆಯುವುದು ಕೆಡೆಟ್‌ಗಳ ನಡುವೆ ಮಾತ್ರ.

ಮೊದಲ ದಿನದಿಂದಲೇ ಹವಾಲ್ದಾರ್‌ಗೆ ‘ಉಸ್ತಾದ್’, ಅವರಿಗಿಂತ ಮೇಲಿನ ಸುಬೇದಾರ್‌ಗೆ ‘ಸಾಬ್’ ಅನ್ನಿ. ಮೈದಾನದಲ್ಲಿ ‘ಹಿಮ್ಮಡಿ ಸರಿಯಾಗಿ ಹೊಡಿ’ ಅಂದರೆ ಹೊಡೆಯಿರಿ. ಸುಮ್ನೆ ವಿವರಣೆ ಕೊಡಲು ಹೋಗಬೇಡಿ, ಅದಕ್ಕೇ ಜಾಸ್ತಿ ಶಿಕ್ಷೆ! ನಿಜವಾಗಿ ತಕರಾರಿದ್ದರೆ ಪರೇಡ್ ಮುಗಿದ ಮೇಲೆ ನಿಮ್ಮ ಪ್ಲಟೂನ್ (ತುಕಡಿ) ಕಮಾಂಡರ್‌ಗೆ ಹೇಳಿ. ಸಣ್ಣಪುಟ್ಟ ಪದ್ಧತಿ ಅಕಾಡೆಮಿಗೊಂದು ಥರ ಇರಬಹುದು, ಅಲ್ಲಿನ ಸ್ಟ್ಯಾಂಡಿಂಗ್ ಆರ್ಡರ್ಸ್ (ಲಿಖಿತ ನಿಯಮಗಳು) ಓದಿಕೊಳ್ಳಿ.

ಹೆಗಲಿಗೆ ಸ್ಟಾರ್ ಬಿದ್ದ ದಿನ ಲೆಕ್ಕ ತಿರುಗುತ್ತದೆ. ಲೆಫ್ಟಿನೆಂಟ್ ಆದ ನಿಮಗೆ ಸುಬೇದಾರ್ ಮೇಜರ್ ಕೂಡ ಸೆಲ್ಯೂಟ್ ಹೊಡೆಯುತ್ತಾರೆ. ಆದರೂ ‘ಸಾಬ್’ ಬಿಡಬೇಡಿ. ಯೂನಿಟ್‌ಗೆ ಹೋದ ಹೊಸತರಲ್ಲಿ ಆರ್ಡರ್ ಕೊಡುವ ಮುಂಚೆ ಪ್ಲಟೂನ್‌ನ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್, ಸುಬೇದಾರ್ ಥರದವರು) ಜೊತೆ ಕೂತು ಕೇಳಿ: ಯಾರು ರಜೆಯಲ್ಲಿದ್ದಾರೆ, ಯಾರ ಮನೆಯಲ್ಲಿ ತೊಂದರೆಯಿದೆ. ಕೊನೆಯ ತೀರ್ಮಾನ ನಿಮ್ಮದೇ, ಹೊಣೆಯೂ ನಿಮ್ಮದೇ. ಅವರ ಮಾತು ಒಪ್ಪಿಗೆಯಾಗದಿದ್ದರೆ ಪಕ್ಕಕ್ಕೆ ಕರೆದು ಹೇಳಿ, ಜವಾನರ ಎದುರು ಬೇಡ.