9ನೇ ವಾರದಲ್ಲೇ ಶುಗರ್ ಟೆಸ್ಟ್ ಯಾಕೆ?

ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡಾಶಯದ ಕೆಲಸ ಕೆಡುವ ತೊಂದರೆ) ಇದೆ, ಬಸುರಿಯಾಗಿ ಈಗ 9ನೇ ವಾರ, ಡಾಕ್ಟರ್ ಆಗಲೇ ಶುಗರ್ ಟೆಸ್ಟ್ ಬರೆದುಕೊಟ್ಟಿದ್ದಾರೆ, ಏನಾದರೂ ಎಡವಟ್ಟಾಗಿದೆಯಾ ಅಂತ ಕೇಳಿದ್ದೀರಿ. ಗಾಬರಿ ಬೇಡ. ಸಾಮಾನ್ಯವಾಗಿ ಇದನ್ನು 24ರಿಂದ 28ನೇ ವಾರದೊಳಗೆ ಮಾಡುತ್ತಾರೆ. ಆದರೆ ಪಿಸಿಓಎಸ್ ಇರುವ ಹಲವರಲ್ಲಿ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಮೊದಲೇ ಸರಿಯಾಗಿ ಕೆಲಸ ಮಾಡುತ್ತಿರುವುದಿಲ್ಲ. ಬಸುರಿಯಾದ ಮೇಲೆ ಮಾಸಿನ (ಪ್ಲಾಸೆಂಟಾ) ಹಾರ್ಮೋನುಗಳು ಅದಕ್ಕೆ ಇನ್ನಷ್ಟು ಅಡ್ಡಿ ಮಾಡುತ್ತವೆ. ಅದಕ್ಕೇ ಬೇಗ ನೋಡುತ್ತಾರೆ, ಅಷ್ಟೇ. ಈಗ ನಾರ್ಮಲ್ ಬಂದರೂ 24ನೇ ವಾರದ ನಂತರದ ಟೆಸ್ಟ್ ತಪ್ಪಿಸಬೇಡಿ. ಅದಕ್ಕೆ ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರು ಕುಡಿಯಬೇಕು. ವಾಕರಿಕೆ ಇರುವವರಿಗೆ ಅದೇ ದೊಡ್ಡ ಶಿಕ್ಷೆ! ಗಟಗಟ ಕುಡಿಯಬೇಡಿ, 5 ನಿಮಿಷದಲ್ಲಿ ಗುಟುಕು ಗುಟುಕಾಗಿ ಮುಗಿಸಿ.

ನನ್ನ ಪ್ರಕಾರ ಜನ ಜಾಸ್ತಿ ಮರೆಯುವುದು ಬಿಪಿಯನ್ನು. ಪಿಸಿಓಎಸ್ ಇದ್ದರೆ ಬಸುರಿನಲ್ಲಿ ಅದೂ ಏರುವ ಸಾಧ್ಯತೆ ಹೆಚ್ಚು. 140/90 ಮುಟ್ಟಿದರೆ, ಬಿಡದ ತಲೆನೋವು ಬಂದರೆ, ಕಣ್ಣು ಮಂಜಾದರೆ, ಮುಖ ಇದ್ದಕ್ಕಿದ್ದಂತೆ ಊದಿಕೊಂಡರೆ ಮುಂದಿನ ಚೆಕಪ್‌ಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಶುಗರ್ ಹತೋಟಿಗೆ, ಪಿಸಿಓಎಸ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಹಾಗಿದ್ದರೆ ಯಾರೋ ಹೇಳಿದರು ಅಂತ ಸುಮ್ನೆ ನಿಲ್ಲಿಸಬೇಡಿ, ಡಾಕ್ಟರನ್ನೇ ಕೇಳಿ.