ಮುಟ್ಟು ಬಾರದಿದ್ದರೂ ಗರ್ಭ ನಿಲ್ಲಬಹುದೇ?

ಪ್ರಶ್ನೆ: ನನಗೆ 24 ವರ್ಷ. ಚೊಚ್ಚಲ ಹೆರಿಗೆಯಾಗಿ ನಾಲ್ಕು ತಿಂಗಳಾಗಿದೆ. ಬಾಣಂತನಕ್ಕೆ ತವರಿಗೆ ಬಂದಿರುವ ನಾನು ಮುಂದಿನ ತಿಂಗಳು ಗಂಡನ ಮನೆಗೆ ಹೊರಡಬೇಕು. ಇನ್ನೂ ಮುಟ್ಟಾಗಿಲ್ಲ. ಮಗು ಹಾಲು ಕುಡಿಯುವವರೆಗೆ ಬಸಿರಾಗುವುದಿಲ್ಲ ಎನ್ನುತ್ತಾರೆ ಅಮ್ಮ. ಆಶಾ ಕಾರ್ಯಕರ್ತೆ ವಂಕಿ (ಕಾಪರ್-ಟಿ) ಹಾಕಿಸಿಕೊಳ್ಳಲು ಹೇಳಿದರೆ, ಅದು ಮೇಲೇರಿ ಎದೆಗೆ ಹೋಗುತ್ತದೆಂದು ಅತ್ತೆ ಬೇಡವೆನ್ನುತ್ತಾರೆ. ನನ್ನ ತಂಗಿಗೆ ಈಗ ಏಳು ತಿಂಗಳು. ಅವಳು ಹೆರಿಗೆಗೆ ಮೊದಲೇ ಈ ವಿಚಾರ ಕೇಳಬಹುದೇ?
— ಓದುಗರೊಬ್ಬರು, ಪಾಂಡವಪುರ

ಉತ್ತರ: ನಿಮ್ಮ ತಾಯಿಯವರ ಮಾತು ಸುಳ್ಳಲ್ಲ, ಆದರೆ ಅದಕ್ಕೆ ಗಡುವಿದೆ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಹಗಲಿರುಳು ಎದೆಹಾಲನ್ನು ಬಿಟ್ಟು ಬೇರೇನನ್ನೂ ಕೊಡುತ್ತಿರಬಾರದು. ಈ ಮೂರೂ ಕೂಡಿದಾಗ ಗರ್ಭ ನಿಲ್ಲುವ ಸಾಧ್ಯತೆ ನೂರಕ್ಕೆ ಎರಡರಷ್ಟು ಮಾತ್ರ. ನಮ್ಮ ಮಂಡ್ಯದ ಕಡೆ ನಾಲ್ಕನೆಯ ತಿಂಗಳಿಗೇ ರಾಗಿ ಸರಿ ತಿನ್ನಿಸುವ, ರಾತ್ರಿ ಬಾಟಲಿ ಹಾಲು ಕೊಡುವ ರೂಢಿ ಅನೇಕ ಮನೆಗಳಲ್ಲಿದೆ. ಹಾಗೆ ಮಾಡಿದ ದಿನದಿಂದ ಆ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಅಂಡಾಣು ಬಿಡುಗಡೆಯಾಗುವುದು ಮುಟ್ಟಿಗೆ ಮೊದಲೇ ಆದ್ದರಿಂದ, ಹೆರಿಗೆಯ ನಂತರ ಒಮ್ಮೆಯೂ ಮುಟ್ಟಾಗದೆ ಮತ್ತೆ ಗರ್ಭಿಣಿಯಾಗಲು ಸಾಧ್ಯವಿದೆ. ಒಂದು ಹೆರಿಗೆಗೂ ಮುಂದಿನ ಗರ್ಭಕ್ಕೂ ಕನಿಷ್ಠ 24 ತಿಂಗಳ ಅಂತರವಿರಲೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ತಾಯಿಯ ರಕ್ತ, ಶಕ್ತಿ ಮರಳಲೆಂದೇ.

ನಿಮ್ಮ ಅತ್ತೆಯವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸೊಸೆಯ ಮೇಲಿನ ಕಾಳಜಿಯೇ ಅವರಿಂದ ಆ ಮಾತನ್ನು ಆಡಿಸಿದೆ. ಆದರೆ ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲ. ವಂಕಿ, ಅಂದರೆ ಕಾಪರ್-ಟಿ, ಸುಮಾರು ಮೂರು ಸೆಂಟಿಮೀಟರ್ ಉದ್ದದ, ತಾಮ್ರದ ತಂತಿ ಸುತ್ತಿದ ಸಣ್ಣ ಪ್ಲಾಸ್ಟಿಕ್ ಸಾಧನ. ಅದರ ನೂಲಿನ ತುದಿ ಗರ್ಭಕೋಶದ ಬಾಯಿಯಿಂದ ಕೆಳಗೆ ಇಳಿದಿರುವುದರಿಂದ ಬೇಡವೆನಿಸಿದ ದಿನ ವೈದ್ಯರು ಸುಲಭವಾಗಿ ಹೊರತೆಗೆಯುತ್ತಾರೆ, ಮತ್ತೆ ಗರ್ಭ ಧರಿಸಲು ಅಡ್ಡಿಯಿರುವುದಿಲ್ಲ. ಅಪರೂಪಕ್ಕೆ ಅದು ಜಾರಿ ಬೀಳಬಹುದಾದ್ದರಿಂದ ಮರುತಪಾಸಣೆ ತಪ್ಪಿಸಬಾರದು. 380ಎ ಎಂಬ ಬಗೆ ಹತ್ತು ವರ್ಷ ಕೆಲಸ ಮಾಡುತ್ತದೆ. ಇದರಲ್ಲಿ ಹಾರ್ಮೋನು ಇಲ್ಲದ್ದರಿಂದ ಹಾಲು ಕಡಿಮೆಯಾಗುವುದಿಲ್ಲ. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವವೂ ನೋವೂ ಹೆಚ್ಚಬಹುದು. ನಿಮಗೆ ರಕ್ತಹೀನತೆಯಿದ್ದರೆ ಇದನ್ನು ವೈದ್ಯರಿಗೆ ಮೊದಲೇ ತಿಳಿಸಿ.

ವಂಕಿ ಒಪ್ಪದಿದ್ದರೆ ಮೂರು ತಿಂಗಳಿಗೊಮ್ಮೆ ಪಡೆಯುವ ಅಂತರಾ ಚುಚ್ಚುಮದ್ದನ್ನು ಹೆರಿಗೆಯಾದ ಆರು ವಾರಗಳ ನಂತರ ಹಾಲುಣಿಸುವವರೂ ತೆಗೆದುಕೊಳ್ಳಬಹುದು; ನಿಲ್ಲಿಸಿದ ಮೇಲೆ ಮತ್ತೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗುತ್ತದೆ ಎಂಬುದು ತಿಳಿದಿರಲಿ. ಛಾಯಾ ಮಾತ್ರೆಯಲ್ಲಿ ಹಾರ್ಮೋನು ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ದಿನವೂ ನುಂಗುವ ಹಾರ್ಮೋನು ಮಾತ್ರೆಯಾದ ಮಾಲಾ-ಎನ್ ಮಾತ್ರ ಹಾಲುಣಿಸುವವರಿಗೆ ಆರು ತಿಂಗಳವರೆಗೆ ಬೇಡ. ಸರ್ಕಾರಿ ಆಸ್ಪತ್ರೆಗಳಲ್ಲಿ ಇವೆಲ್ಲ ಉಚಿತ. ಈ ನಡುವೆ ಪತಿಯೊಡನೆ ಕೂಡಿದ್ದರೆ, ಮೊದಲು ಗರ್ಭಪರೀಕ್ಷೆ ಮಾಡಿಸಿ.

ತಂಗಿಯವರು ಕೇಳಲೇಬೇಕಾದ ಸಮಯ ಇದೇ. 1930ರಲ್ಲಿಯೇ ಸರ್ಕಾರದ ಕಡೆಯಿಂದ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶಿಸಿದ ಮೈಸೂರು ಸಂಸ್ಥಾನದ ಈ ಸೀಮೆಯಲ್ಲಿ ಗರ್ಭಿಣಿಯೊಬ್ಬಳು ಇಂದಿಗೂ ಈ ಮಾತೆತ್ತಲು ಅಂಜುವುದು ನನಗೆ ನೋವು ತರುತ್ತದೆ. ಹೆರಿಗೆ ನೋವಿನ ನಡುವೆ ಯಾರೋ ಮುಂದಿಟ್ಟ ಕಾಗದಕ್ಕೆ ಸಹಿ ಹಾಕುವಂತಾಗಬಾರದು. ಮುಂದಿನ ತಪಾಸಣೆಗೆ ತಾಯಿ ಕಾರ್ಡ್ ಹಿಡಿದು ಹೋದಾಗ ವೈದ್ಯರೊಡನೆ ಮಾತನಾಡಿ, ಒಪ್ಪಿಗೆಯಾದರೆ ಅದನ್ನು ಕಾರ್ಡಿನಲ್ಲಿ ಬರೆಸಲಿ. ಮಾಸು ಬಿದ್ದ ಹತ್ತು ನಿಮಿಷದೊಳಗೆ ಅಥವಾ 48 ಗಂಟೆಯೊಳಗೆ ವಂಕಿ ಹಾಕಬಹುದು, ಸಿಸೇರಿಯನ್ ಆದರೆ ಆ ಶಸ್ತ್ರಚಿಕಿತ್ಸೆಯಲ್ಲೇ ಹಾಕಬಹುದು. ಆ ಅವಧಿ ದಾಟಿದರೆ ಆರು ವಾರ ಕಾಯಬೇಕಾಗುತ್ತದೆ.